ಪಾಠದಲ್ಲಿ ಬಿಟ್ಟುಹೋದ ನಾಲ್ಕು ಸೆಂಟಿಮೀಟರ್

ಪ್ರೌಢಶಾಲೆಯಲ್ಲಿ ನನ್ನಿಂದ ವಿಜ್ಞಾನ ಕಲಿತವರಿಗೆ ಜೀರ್ಣಾಂಗವ್ಯೂಹದ ಪಾಠ ನೆನಪಿರಬಹುದು. ಅನ್ನನಾಳ, ಜಠರ, ಸಣ್ಣ ಕರುಳು, ದೊಡ್ಡ ಕರುಳು ಎಂದು ಕಪ್ಪುಹಲಗೆಯ ಮೇಲೆ ಬಣ್ಣದ ಸೀಮೆಸುಣ್ಣದಿಂದ ಚಿತ್ರ ಬರೆಯುತ್ತ ಬರುತ್ತಿದ್ದೆ. ಕೊನೆಯ ಭಾಗ ಬಂದಾಗ ಹಿಂದಿನ ಬೆಂಚಿನಿಂದ ಕಿಸಕ್ಕನೆ ನಗು ಕೇಳುತ್ತಿತ್ತು. "ಉಳಿದದ್ದನ್ನು ಪುಸ್ತಕದಲ್ಲಿ ಓದಿಕೊಳ್ಳಿ" ಎಂದು ನಾನು ಡಸ್ಟರ್ ಎತ್ತಿಕೊಳ್ಳುತ್ತಿದ್ದೆ. ಸುಮಾರು 4 ಸೆಂಟಿಮೀಟರ್ ಉದ್ದದ ಗುದನಾಳವನ್ನು ಸೇವಾವಧಿಯುದ್ದಕ್ಕೂ ಹೀಗೆಯೇ ಬಿಟ್ಟುಬಿಟ್ಟೆ. ಆ ಬಾಕಿಯನ್ನು ಇಂದು ತೀರಿಸುತ್ತೇನೆ.

ಮೂಲವ್ಯಾಧಿ ಹೊರಗಿನಿಂದ ಬಂದು ಅಂಟುವ ರೋಗವಲ್ಲ. ಗುದನಾಳದ ಒಳಗೋಡೆಯಲ್ಲಿ ರಕ್ತನಾಳಗಳಿಂದ ಕೂಡಿದ ಮೆತ್ತೆಗಳು ಎಲ್ಲರಲ್ಲಿಯೂ ಇರುತ್ತವೆ. ಮಲವನ್ನು ತಡೆದಿಡಲು ಅವು ನೆರವಾಗುತ್ತವೆ. ಮಲಬದ್ಧತೆ, ತಿಣುಕುವಿಕೆ, ಗರ್ಭಾವಸ್ಥೆ, ಮೊಬೈಲ್ ಹಿಡಿದು ಶೌಚಾಲಯದಲ್ಲಿ ಬಹಳ ಹೊತ್ತು ಕೂರುವುದು ಇವುಗಳಿಂದ ಆ ಮೆತ್ತೆಗಳು ಊದಿ ಕೆಳಗೆ ಜಾರುತ್ತವೆ. ಒಳಭಾಗದಲ್ಲಿ ನೋವಿನ ಅರಿವು ಇಲ್ಲದ ಕಾರಣ ಒಳಮೂಲದಿಂದ ಸಾಮಾನ್ಯವಾಗಿ ನೋವಿಲ್ಲದೆ ರಕ್ತ ಬೀಳುತ್ತದೆ.

ಪ್ರಾಚೀನರಿಗೆ ಈ ಸಂಕೋಚವಿರಲಿಲ್ಲ. ಸುಶ್ರುತ ಸಂಹಿತೆಯು 'ಅರ್ಶಸ್' ಎಂಬ ಹೆಸರಿನಲ್ಲಿ ಇದನ್ನು ವಿವರಿಸಿ, ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂಬ ನಾಲ್ಕು ಬಗೆಯ ಚಿಕಿತ್ಸೆಯನ್ನು ಹೇಳುತ್ತದೆ. ಮೇಷ್ಟ್ರಾದ ನಾನಾದರೋ ಹೆಂಡತಿಗೂ ತಿಳಿಸದೆ, ಬಸ್ ನಿಲ್ದಾಣದ ಗೋಡೆಯ ಮೇಲಿನ 'ಆಪರೇಷನ್ ಇಲ್ಲದೆ ಗ್ಯಾರಂಟಿ ಚಿಕಿತ್ಸೆ' ಎಂಬ ಚೀಟಿಯನ್ನು ನಂಬಿ ಮೂರು ವರ್ಷ ಪುಡಿ ನುಂಗಿದೆ. ಕೊನೆಗೆ ವೈದ್ಯರ ಬಳಿ ಹೋದಾಗ ಪರೀಕ್ಷೆಗೆ ತಗುಲಿದ್ದು ಎರಡೇ ನಿಮಿಷ. ನಾರಿನ ಆಹಾರ, ಸಾಕಷ್ಟು ನೀರು, ದಿನಕ್ಕೆರಡು ಬಾರಿ 10–15 ನಿಮಿಷ ಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂರುವುದು, ತಿಣುಕದಿರುವುದು, ಇಷ್ಟನ್ನೇ ಅವರು ಹೇಳಿದರು. ಹೆಚ್ಚಿನವರಿಗೆ ಇಷ್ಟರಿಂದಲೇ ಹಿಡಿತಕ್ಕೆ ಬರುತ್ತದೆ. ಬಾರದಿದ್ದರೆ ಊದಿದ ಮೆತ್ತೆಯ ಬುಡಕ್ಕೆ ರಬ್ಬರ್ ಬ್ಯಾಂಡ್ ಹಾಕುವ ಸರಳ ವಿಧಾನವಿದೆ. ಶಸ್ತ್ರಚಿಕಿತ್ಸೆ ಬೇಕಾಗುವುದು ಕೆಲವರಿಗೆ ಮಾತ್ರ. ನಾರಿಗಾಗಿ ದೂರ ಹೋಗಬೇಕಿಲ್ಲ: 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ.

ಇಷ್ಟೇ ಆಗಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ. ನಮ್ಮ ಶಾಲೆಯ ಗಣಿತದ ಮೇಷ್ಟ್ರೊಬ್ಬರು ಒಮ್ಮೆ ಸ್ಟಾಫ್ ರೂಮಿನಲ್ಲಿ ಯಾರೂ ಇಲ್ಲದ ಹೊತ್ತು ನೋಡಿ, ರಕ್ತ ಬೀಳುತ್ತಿದೆಯೆಂದು ನನ್ನಲ್ಲಿ ಹೇಳಿಕೊಂಡರು. "ಪೈಲ್ಸ್ ಇರಬೇಕು ಬಿಡಿ ಸಾರ್, ನನಗೂ ಇತ್ತು" ಎಂದು ಧೈರ್ಯ ಹೇಳಿದವನು ನಾನೇ. ಅವರೂ ಅದನ್ನೇ ನಂಬಿ ಒಂದೂವರೆ ವರ್ಷ ಸುಮ್ಮನಿದ್ದರು. ಅದು ಗುದನಾಳಕ್ಕೆ ತುಸು ಮೇಲಿರುವ ಮಲಾಶಯದ ಕ್ಯಾನ್ಸರ್ ಆಗಿತ್ತು. ತಿಳಿಯುವಷ್ಟರಲ್ಲಿ ಯಕೃತ್ತಿಗೂ ಹಬ್ಬಿತ್ತು. ಅವರ ಹೆಂಡತಿಯ ಮುಂದೆ ಕುಳಿತ ಆ ದಿನ ನನಗೆ ಮಾತೇ ಹೊರಡಲಿಲ್ಲ.

ಆದುದರಿಂದ ನನ್ನ ಅಭಿಪ್ರಾಯವನ್ನು ಸ್ಪಷ್ಟವಾಗಿ ಹೇಳುತ್ತೇನೆ. ರಕ್ತ ಕಂಡರೆ ಅದು ಮೂಲವ್ಯಾಧಿಯೇ ಎಂದು ತೀರ್ಮಾನಿಸುವ ಹಕ್ಕು ನಮಗೂ ಇಲ್ಲ, ನೆರೆಯವರಿಗೂ ಇಲ್ಲ, ಗೋಡೆಯ ಚೀಟಿಗಂತೂ ಮೊದಲೇ ಇಲ್ಲ. ಮಲವಿಸರ್ಜನೆಯ ಕ್ರಮ ಬದಲಾದರೆ, ತೂಕ ಇಳಿದರೆ, ರಕ್ತಹೀನತೆ ಕಂಡರೆ, ಮಲ ಡಾಂಬರಿನಂತೆ ಕಪ್ಪಾದರೆ, ಮನೆತನದಲ್ಲಿ ಕರುಳಿನ ಕ್ಯಾನ್ಸರ್ ಇದ್ದರೆ ಒಂದು ವಾರವೂ ಕಾಯಬೇಡಿ. ವೈದ್ಯರು ಕೊಲೊನೋಸ್ಕೋಪಿ ಸೂಚಿಸಿದರೆ ಹಿಂಜರಿಯಬೇಡಿ. ಹೆರಿಗೆಯ ನಂತರ ಇದನ್ನು ನುಂಗಿಕೊಂಡೇ ಬದುಕುವ ತಾಯಂದಿರು ನಮ್ಮ ಮನೆಗಳಲ್ಲಿ ಎಷ್ಟೋ ಮಂದಿ. ಅವರಾಗಿ ಹೇಳುವುದಿಲ್ಲ, ನೀವೇ ಕೇಳಬೇಕು.

ಹಿಂದಿನ ಬೆಂಚಿನವರು ಈಗಲೂ ನಗುತ್ತಿರಬಹುದು. ನಗಲಿ. ಈ ಸಲ ನಾನು ಡಸ್ಟರ್ ಎತ್ತುವುದಿಲ್ಲ.