ವಾಟ್ಸಾಪ್ ಕಟ್ಟಿದವರ ಕಥೆ: ಫಾರ್ವರ್ಡ್‌ನಲ್ಲಿ ಇಲ್ಲದ ಭಾಗ

ಈ ಕಥೆ ನಿಮ್ಮ ಫೋನಿಗೂ ಬಂದಿರಬಹುದು. 2009ರಲ್ಲಿ ಬ್ರಯಾನ್ ಆಕ್ಟನ್ ಎಂಬ ಎಂಜಿನಿಯರ್ ಫೇಸ್‌ಬುಕ್‌ನಲ್ಲಿ ಕೆಲಸ ಕೇಳಿದರು, ಸಿಗಲಿಲ್ಲ. ಐದು ವರ್ಷದ ನಂತರ ಅದೇ ಫೇಸ್‌ಬುಕ್ ಅವರ ವಾಟ್ಸಾಪ್ ಕಂಪನಿಯನ್ನು ಸುಮಾರು 1,900 ಕೋಟಿ ಡಾಲರ್‌ಗೆ ಕೊಂಡಿತು. ಸೋಲಿಗೆ ಹೆದರಬೇಡಿ, ಹತ್ತು ಜನರಿಗೆ ಕಳಿಸಿ!

ಕಥೆ ನಿಜವೇ. ಆದರೆ ಅದು 2014ಕ್ಕೆ ನಿಂತುಬಿಡುತ್ತದೆ. ಸ್ವಂತ ಸ್ಟಾರ್ಟಪ್ ಮಾಡಬೇಕೆಂದಿರುವವರಿಗೆ ಬೇಕಾದದ್ದು ಅದರ ಹಿಂದಿನ ಮತ್ತು ಮುಂದಿನ ಭಾಗ.

ಆಕ್ಟನ್ ಮತ್ತು ಜೊತೆಗಾರ ಜಾನ್ ಕೂಮ್ ಇಬ್ಬರೂ ಯಾಹೂ ಕಂಪನಿಯಲ್ಲಿ ವರ್ಷಗಟ್ಟಲೆ ದುಡಿದವರು. ಜಾಹೀರಾತಿನ ವ್ಯವಹಾರ ಅವರಿಗೆ ಸಾಕಾಗಿ ಹೋಗಿತ್ತು. ಕೂಮ್ ಹುಟ್ಟಿದ್ದು ಸೋವಿಯತ್ ಕಾಲದ ಉಕ್ರೇನ್‌ನಲ್ಲಿ, ಫೋನಿನಲ್ಲಿ ಮನಬಿಚ್ಚಿ ಮಾತಾಡಲು ಜನ ಹೆದರುತ್ತಿದ್ದ ಕಡೆ. ಹಾಗಾಗಿ ಅವರ ಉದ್ದೇಶ ಸ್ಪಷ್ಟವಿತ್ತು: ಜಾಹೀರಾತು ಬೇಡ, ಜನರ ಮಾಹಿತಿ ಕಲೆಹಾಕುವುದು ಬೇಡ. ವ್ಯಾಪಾರದ ಲೆಕ್ಕಾಚಾರವೂ ಅದಕ್ಕೆ ತಕ್ಕಂತೆಯೇ ಇತ್ತು. ವರ್ಷಕ್ಕೆ ಒಂದು ಡಾಲರ್ ಶುಲ್ಕ, ಖರ್ಚು ಕಡಿಮೆ. ಮಾರಾಟದ ಹೊತ್ತಿಗೆ ತಿಂಗಳಿಗೆ 45 ಕೋಟಿ ಬಳಕೆದಾರರಿದ್ದರು, ಸಿಬ್ಬಂದಿ ಬರೀ 55ರಷ್ಟು! (‘ನಾಳೆಯಿಂದ ವಾಟ್ಸಾಪ್‌ಗೆ ದುಡ್ಡು’ ಎಂಬ ಫಾರ್ವರ್ಡ್‌ಗೆ ನಾವು ಗಾಬರಿಯಾಗುತ್ತೇವಲ್ಲ, ಜಾಹೀರಾತು ಬೇಡ ಎನ್ನಲು ಅವರಿಗಿದ್ದ ಆಧಾರ ಆ ಒಂದು ಡಾಲರೇ.)

ಈ ನಡುವೆ ಸಿಕೋಯಾ ಎಂಬ ಹೂಡಿಕೆ ಸಂಸ್ಥೆ ಸುಮಾರು 6 ಕೋಟಿ ಡಾಲರ್ ಹಾಕಿತ್ತು. ಇಂಥ ಹೂಡಿಕೆದಾರರು ತರುವುದು ಬೇರೆಯವರ ಹಣ. ಸಾಮಾನ್ಯವಾಗಿ ಹತ್ತು ವರ್ಷದ ಆಸುಪಾಸಿನಲ್ಲಿ ಅದನ್ನು ಹಲವು ಪಟ್ಟು ಮಾಡಿ ಹಿಂದಿರುಗಿಸುವುದು ಅವರ ಗುರಿ. ಅದು ತಪ್ಪಲ್ಲ, ಅದು ಅವರ ಕಸುಬು. ಆದರೆ ಆ ಹಣ ತೆಗೆದುಕೊಂಡ ದಿನವೇ ನಿಮ್ಮ ಕಂಪನಿಗೆ ಎರಡನೇ ಉದ್ದೇಶವೊಂದು ಸೇರಿಕೊಳ್ಳುತ್ತದೆ: ಒಂದು ದಿನ ಮಾರಬೇಕು, ಇಲ್ಲವೇ ಷೇರು ಮಾರುಕಟ್ಟೆಗೆ ಹೋಗಬೇಕು. ‘ಫಂಡಿಂಗ್ ಸಿಕ್ಕಿತು’ ಎಂದು ಕೇಕ್ ಕತ್ತರಿಸುವಾಗ ಇದು ಯಾರಿಗೂ ನೆನಪಿರುವುದಿಲ್ಲ.

ಮಾರಾಟದ ನಂತರ? 2016ರಲ್ಲಿ ಶುಲ್ಕ ಹೋಯಿತು. ಹಣ ಗಳಿಸುವ ದಾರಿಯ ಬಗ್ಗೆ ಭಿನ್ನಾಭಿಪ್ರಾಯ ಬೆಳೆದು 2017ರಲ್ಲಿ ಆಕ್ಟನ್ ಹೊರಬಂದರು. ಇನ್ನೂ ಕೈಸೇರದ ಸುಮಾರು 85 ಕೋಟಿ ಡಾಲರ್ ಮೌಲ್ಯದ ಷೇರುಗಳನ್ನು ಬಿಟ್ಟೇ ಬಂದರು. ಮರುವರ್ಷ ಕೂಮ್ ಕೂಡ ಹೊರಟರು. ಬಳಕೆದಾರರ ಖಾಸಗಿತನದ ವಿಷಯದಲ್ಲಿ ತಾನು ರಾಜಿಯಾದೆ ಎಂದು ಆಕ್ಟನ್ ಆಮೇಲೆ ಸಂದರ್ಶನದಲ್ಲಿ ಒಪ್ಪಿಕೊಂಡರು. ಸಿಗ್ನಲ್ ಆ್ಯಪ್‌ಗಾಗಿ 5 ಕೋಟಿ ಡಾಲರ್ ಕೊಟ್ಟು, ಲಾಭದ ಉದ್ದೇಶವಿಲ್ಲದ ಪ್ರತಿಷ್ಠಾನ ಕಟ್ಟಿದರು.

ಮಾರಿದ್ದು ತಪ್ಪು ಎನ್ನುತ್ತಿಲ್ಲ. ಅಷ್ಟು ಹಣ ಎದುರಿಗಿದ್ದರೆ ನಾನೂ ಮಾರುತ್ತಿದ್ದೆನೇನೋ. ತೊಂದರೆ ಇರುವುದು ನಮ್ಮ ಮನಸ್ಸಿನ ಒಂದು ಅಭ್ಯಾಸದಲ್ಲಿ: ಮೊದಲು ಆಸೆ ಹುಟ್ಟುತ್ತದೆ, ಆಮೇಲೆ ಅದಕ್ಕೊಂದು ಒಳ್ಳೆಯ ಕಾರಣ ಹುಡುಕುತ್ತೇವೆ. ಮನೋವಿಜ್ಞಾನದಲ್ಲಿ ಇದನ್ನು ‘ಮೋಟಿವೇಟೆಡ್ ರೀಸನಿಂಗ್’ ಎನ್ನುತ್ತಾರೆ.

ದೋಸೆ ಹಿಟ್ಟಿನ ಸಣ್ಣ ವ್ಯಾಪಾರಕ್ಕೂ ಇದು ಅನ್ವಯಿಸುತ್ತದೆ. ಇನ್ನೊಂದು ಊರಲ್ಲಿ ಘಟಕ ಹಾಕಬೇಕು ಅನ್ನಿಸಿದರೆ, ಯಾಕೆ ಎಂದು ಒಂದು ಹಾಳೆಯಲ್ಲಿ ಬರೆದಿಡಿ. ಅಲ್ಲಿನ ಅಂಗಡಿಯವರು ಹಿಟ್ಟು ಕೇಳುತ್ತಿದ್ದಾರೆಯೇ, ಅಥವಾ ಪೈಪೋಟಿಯವರು ಹಾಕಿದ್ದಾರೆಂದು ನಮಗೂ ಬೇಕೇ? ವಾರ ಬಿಟ್ಟು ಅದೇ ಹಾಳೆ ತೆಗೆದು, ಈ ವಿಷಯ ಯಾರಿಗೂ ಗೊತ್ತಾಗುವುದಿಲ್ಲ, ಪೇಪರಿನಲ್ಲೂ ಬರುವುದಿಲ್ಲ ಅಂದುಕೊಂಡು ಓದಿ ನೋಡಿ. ಆಗಲೂ ಘಟಕ ಬೇಕೆನಿಸಿದರೆ ಬಾಡಿಗೆ, ಗ್ರೈಂಡರ್‌ಗಳ ಲೆಕ್ಕ ಶುರುಮಾಡಬಹುದು.