ಆರ್‌ಐಪಿ ಸ್ಟೋರಿ ಹಾಕೋ ಮುಂಚೆ

1/5

ಮೊದಲನೇ ಫೋಟೋದಲ್ಲಿ ಇಳಿಸಿದ ಶಟರ್. ಎರಡನೇದರಲ್ಲಿ ಖಾಲಿ ಗಾಜಿನ ಕಪಾಟು, ಒಳಗೆ ಒಂದು ಇಕ್ಕಳ ಬಿಟ್ರೆ ಏನೂ ಇಲ್ಲ.

ನಮ್ಮ ಕಾಲೇಜ್ ಹಿಂದಿನ ಕ್ರಾಸ್‌ನ ಬೇಕರಿ ಶನಿವಾರ ಮುಚ್ಚಿತು. ಭಾನುವಾರ ಬೆಳಗ್ಗೆ ನೋಡಿದ್ರೆ ನಮ್ಮ ಕ್ಲಾಸಿನ ಹದಿನಾಲ್ಕು ಜನ ಸ್ಟೋರಿ ಹಾಕಿದ್ದೀರ. ಒಡೆದ ಹೃದಯ, ಹಿಂದೆ ಯಾವುದೋ ಹಳೇ ಹಾಡು, "ಒಂದು ಯುಗ ಮುಗೀತು" ಅಂತ ಸಾಲು. ಒಂದೇ ಪ್ರಶ್ನೆ ಕೇಳ್ತೀನಿ, ಬೇಜಾರಾದ್ರೆ ಅನ್‌ಫಾಲೋ ಮಾಡ್ಕೊಳ್ಳಿ. ಕೊನೇ ಸಲ ಅಲ್ಲಿ ದುಡ್ಡು ಕೊಟ್ಟು ತಿಂದಿದ್ದು ಯಾವಾಗ?

ರೀಲ್ ಮಾಡೋಕೆ ಹೋಗಿದ್ದು ಲೆಕ್ಕಕ್ಕಿಲ್ಲ.

2/5

ಜೂನಿಯರ್ಸ್‌ಗೆ ಗೊತ್ತಿಲ್ಲದೆ ಇರಬಹುದು, ಅದಕ್ಕೆ ಹೇಳ್ತೀನಿ. ಅಲ್ಲಿ ದಿನಕ್ಕೆ ಎರಡು ಸಲ ಖಾರ ಬನ್ ಬರ್ತಿತ್ತು, ಹನ್ನೊಂದಕ್ಕೆ ಮತ್ತೆ ನಾಲ್ಕಕ್ಕೆ. ಈರುಳ್ಳಿ, ಹಸಿಮೆಣಸಿನಕಾಯಿ, ಸಬ್ಬಸಿಗೆ ಸೊಪ್ಪು. ಟ್ರೇ ಹೊರಗೆ ಬಂದ ತಕ್ಷಣ ಆ ವಾಸನೆ ನಮ್ಮ ಲ್ಯಾಬ್ ಕಿಟಕಿವರೆಗೂ ಬರ್ತಿತ್ತು. ಮಧ್ಯಕ್ಕೆ ಸೀಳಿ, ಬೆಣ್ಣೆ ಹಚ್ಚಿ, ಕಾಂಗ್ರೆಸ್ ಕಡ್ಲೆಬೀಜ ತುಂಬಿಸಿ ಕೊಡಿ ಅಂದ್ರೆ ಕೊಡೋರು. ಸಂಜೆ ಹೊತ್ತಿಗೆ ಹನಿಕೇಕ್ ತಟ್ಟೆ ಖಾಲಿ. ಪಾಕ ಕುಡಿದು ಒದ್ದೆಯಾಗಿರೋ ಕೇಕು, ಮೇಲೆ ಕೆಂಪು ಜಾಮು, ಅದರ ಮೇಲೆ ಕೊಬ್ಬರಿ ತುರಿ. ಕಾಗದಕ್ಕೆ ಅಂಟಿಕೊಂಡಿದ್ದನ್ನ ನೆಕ್ಕದೆ ಎಸೆದವರು ಯಾರಾದ್ರೂ ಇದ್ರೆ ಕೈ ಎತ್ತಿ.

ಬೋರ್ಡಿನ ಮೇಲೆ "ಅಯ್ಯಂಗಾರ್ ಬೇಕರಿ" ಅಂತಿತ್ತು. ಅಂಕಲ್ ಅಯ್ಯಂಗಾರರಲ್ಲ. ಹಾಸನದ ಕಡೆಯವರು, ಹದಿನೈದನೇ ವಯಸ್ಸಿಗೆ ಇಂಥದ್ದೇ ಒಂದು ಬೇಕರಿಗೆ ಕೆಲಸಕ್ಕೆ ಸೇರಿ, ಕಲಿತು, ಆಮೇಲೆ ಸ್ವಂತಕ್ಕೆ ಹಾಕಿದ್ದು. 1898ರಲ್ಲಿ ಚಿಕ್ಕಪೇಟೆಯಲ್ಲಿ ಶುರುವಾಯ್ತಲ್ಲ ಬಿ.ಬಿ. ಬೇಕರಿ, ಬೆಂಗಳೂರು ಬ್ರದರ್ಸ್, ಅದನ್ನ ಹಾಕಿದವರೂ ಹಾಸನದ ಕಡೆಯಿಂದ ಬಂದವರೇ. ಮೊಟ್ಟೆ ಹಾಕದ ಕೇಕು, ಖಾರ ಬನ್ನು, ಬೆಣ್ಣೆ ಬಿಸ್ಕತ್ತು ಇವನ್ನೆಲ್ಲ ಈ ಊರಿನ ಗಲ್ಲಿ ಗಲ್ಲಿಗೆ ಮುಟ್ಟಿಸಿದ್ದು ಇಂಥ ಜನ. "ಬೆಂಗಳೂರು ಕಲ್ಚರ್" ಅಂತ ನೀವು ಹ್ಯಾಷ್‌ಟ್ಯಾಗ್ ಹಾಕ್ತೀರಲ್ಲ, ಅದು ರಾತ್ರಿ ಹಿಟ್ಟು ನಾದಿ ಬೆಳಗ್ಗೆ ನಾಲ್ಕಕ್ಕೆ ಭಟ್ಟಿ ಮುಂದೆ ನಿಂತವರ ಬೆವರು.

3/5

ಈಗ ಜಗಳಕ್ಕೆ ಬರ್ತೀನಿ.

ಖಾರ ಬನ್ 18ರಿಂದ 20 ರೂಪಾಯಿ ಆದಾಗ ನಮ್ಮಲ್ಲೇ ಒಬ್ಬರು ಸ್ಟೋರಿ ಹಾಕಿದ್ರಿ, "ಅಂಕಲ್ ಲೂಟಿ ಶುರು" ಅಂತ, ನಗೋ ಎಮೋಜಿ ಸಮೇತ. ಟ್ಯಾಗ್ ಮಾಡಲ್ಲ, ನಿಮಗೇ ಗೊತ್ತಾಗತ್ತೆ. ಅದೇ ವಾರ ಅದೇ ಅಕೌಂಟಲ್ಲಿ 260 ರೂಪಾಯಿಯ ಕೋಲ್ಡ್ ಕಾಫಿ ಫೋಟೋ ಇತ್ತು. ಅದರ ಕೆಳಗೆ ಲೂಟಿ ಅಂತ ಬರೆದಿರಲಿಲ್ಲ. ಅಲ್ಲಿ ಬೆಲೆ ಕೇಳೋಕೆ ನಾಚಿಕೆ, ಇಲ್ಲಿ ಎರಡು ರೂಪಾಯಿಗೆ ಜಗಳ. ಮೈದಾ, ಬೆಣ್ಣೆ, ಗ್ಯಾಸು, ಬಾಡಿಗೆ ಎಲ್ಲ ಏರಬಹುದು, ಅಂಕಲ್ ಮಾತ್ರ ನಮ್ಮ ಬಾಲ್ಯದ ರೇಟಲ್ಲೇ ಕೊಡ್ತಾ ಇರಬೇಕು. ಯಾಕಂದ್ರೆ ನಮಗೆ ನಾಸ್ಟಾಲ್ಜಿಯಾ ಬೇಕು. ಅದೂ ಚೀಪಾಗಿ.

2025ರ ಜುಲೈ ನೆನಪಿದೆಯಾ? ಯುಪಿಐ ಲೆಕ್ಕ ನೋಡಿ ನಮ್ಮ ರಾಜ್ಯದ ಸಣ್ಣ ಅಂಗಡಿಯವರಿಗೆ ಜಿಎಸ್‌ಟಿ ನೋಟಿಸ್ ಬಂದು ಬೇಕರಿ, ಕಾಂಡಿಮೆಂಟ್ಸ್‌ನವರೆಲ್ಲ ಗಾಬರಿಯಾಗಿದ್ರು. ಅಂಕಲ್‌ಗೆ ನೋಟಿಸ್ ಬಂದಿರಲಿಲ್ಲ, ಆದ್ರೂ ಭಯಕ್ಕೆ ಸ್ಕ್ಯಾನರ್ ಮೇಲೆ ಪೇಪರ್ ಅಂಟಿಸಿ "ಕ್ಯಾಶ್ ಮಾತ್ರ" ಅಂತ ಬರೆದ್ರು. ನಾವೇನ್ ಮಾಡಿದ್ವಿ? ಮೀಮ್ ಶೇರ್ ಮಾಡಿ, ಜೇಬಲ್ಲಿ ಕ್ಯಾಶ್ ಇಲ್ಲ ಅಂತ ಎದುರಿನ ಕೆಫೆಗೆ ಹೋದ್ವಿ. ಒಂದು ತಿಂಗಳಿಗೆ ಸ್ಕ್ಯಾನರ್ ವಾಪಸ್ ಬಂತು. ನಾವು ಬರಲಿಲ್ಲ.

4/5

ಕಾಮೆಂಟಲ್ಲಿ ಇಬ್ಬರು ಕೇಳಿದ್ದೀರ, "ಮಗ ನಡೆಸಬಹುದಿತ್ತಲ್ವಾ?" ಅಂತ. ಗುರು, ನಿಮ್ಮಪ್ಪ ಮಾಡೋ ಕೆಲಸ ನೀವು ಮಾಡ್ತೀರಾ? ನೀವು ಪ್ಲೇಸ್‌ಮೆಂಟ್‌ಗೆ ಓದಬಹುದು, ಅವನು ಮಾತ್ರ ನಿಮ್ಮ ಸಂಜೆ ತಿಂಡಿಗೋಸ್ಕರ ಭಟ್ಟಿ ಮುಂದೆ ನಿಂತಿರಬೇಕಾ? ಆ ಹುಡುಗನ್ನ ಓದಿಸೋಕೇ ಅಂಕಲ್ ಮೂವತ್ತು ವರ್ಷ ಬನ್ ಮಾರಿದ್ದು. ಅವನು ಓದಿದ. ಅದರಲ್ಲಿ ದುಃಖ ಪಡೋಕೆ ಏನಿದೆ?

ದುಃಖ ಬೇರೆ ಕಡೆ ಇದೆ. ಜಾಗ ಅವರದ್ದಲ್ಲ. ಓನರ್ ಕಟ್ಟಡ ಒಡೀತಾರಂತೆ, ಹೊಸದರಲ್ಲಿ ಕೆಳಗಡೆ ಶೋರೂಮ್. ಹೊಸ ಬಾಡಿಗೆ ಕಟ್ಟಬೇಕು ಅಂದ್ರೆ ದಿನಕ್ಕೆ ಎಷ್ಟು ಬನ್ ಮಾರಬೇಕು ಅಂತ ಅಂಕಲ್ ಒಂದು ಬಿಲ್ ಹಿಂದೆ ಲೆಕ್ಕ ಹಾಕಿ ತೋರಿಸಿದ್ರು. ನಮ್ಮ ಇಡೀ ಕಾಲೇಜು ದಿನಾ ತಿಂದ್ರೂ ಸಾಲಲ್ಲ. ಹಾಗಾಗಿ ಎಲ್ಲಾ ತಪ್ಪು ನಮ್ಮದೇ ಅಂತ ನಾನು ಹೇಳ್ತಿಲ್ಲ. ಆದ್ರೆ ಅಂಗಡಿ ತುಂಬಿರ್ತಿದ್ರೆ ಪಕ್ಕದ ರಸ್ತೇಲಿ ಇನ್ನೊಂದು ಜಾಗ ಹುಡುಕೋ ಧೈರ್ಯ ಬರ್ತಿತ್ತು. "ಯಾರಿಗೆ ಅಂತ ಹಾಕ್ಲಮ್ಮ?" ಅಂದ್ರು.

2023ರ ಡಿಸೆಂಬರ್‌ನಲ್ಲಿ ಮಲ್ಲೇಶ್ವರಂ ಸಂಪಿಗೆ ರಸ್ತೆಯ ನ್ಯೂ ಕೃಷ್ಣ ಭವನ ಮುಚ್ಚಿತಲ್ಲ, ಸುಮಾರು 70 ವರ್ಷದ ಹೋಟೆಲ್. ಕೊನೇ ದಿನಗಳಲ್ಲಿ ಅಲ್ಲಿ ಜನವೋ ಜನ. ನಮ್ಮ ಮನೆಯಿಂದಲೂ ಹೋಗಿ ನಿಂತಿದ್ವಿ, ಎಷ್ಟೋ ವರ್ಷದ ಮೇಲೆ. ನಮ್ಮೂರಲ್ಲಿ ಅಂಗಡಿಗೆ ಸಾಯೋ ದಿನಾನೇ ಒಳ್ಳೇ ವ್ಯಾಪಾರ.

5/5

ಇಷ್ಟು ಉರ್ಕೊಂಡು ಬರೆಯೋಕೆ ಕಾರಣ ನಾನೂ ಅದೇ ಪಾರ್ಟಿ ಅನ್ನೋದು.

ನನ್ನ ಹತ್ತನೇ ಕ್ಲಾಸ್‌ವರೆಗೂ ಪ್ರತೀ ಬರ್ತ್‌ಡೇ ಕೇಕ್ ಅಂಕಲ್ದೇ. ಗುಲಾಬಿ ಕ್ರೀಮಲ್ಲಿ ಹೆಸರು ಬರೆಯೋರು, ಪ್ರತೀ ಸಲ ಒತ್ತಕ್ಷರ ತಪ್ಪು. ಈ ವರ್ಷ ನಾನು ಆ್ಯಪಲ್ಲಿ 850 ರೂಪಾಯಿಗೆ ರೆಡ್ ವೆಲ್ವೆಟ್ ಆರ್ಡರ್ ಮಾಡಿದೆ. ಡೆಲಿವರಿಯವರಿಗೆ ಅಡ್ರೆಸ್ ಸಿಗದೆ ಬೇಕರಿ ಮುಂದೇನೇ ನಿಂತಿದ್ರು. ಹೋಗಿ ಡಬ್ಬ ಇಸ್ಕೊಂಡು, ದುಪಟ್ಟಾ ಅಡ್ಡ ಹಿಡಿದು, ಆ ಕಡೆ ನೋಡದೆ ಬಂದೆ.

ಶನಿವಾರ ಸಂಜೆ ಹೋದಾಗ ಹನಿಕೇಕ್ ಕೇಳಿದೆ. "ನಿನ್ನೇನೇ ಭಟ್ಟಿ ಆರಿಸಿದ್ವಿ ಕಣಮ್ಮ, ರಸ್ಕ್ ಒಂದು ಪ್ಯಾಕೆಟ್ ಉಳಿದಿದೆ" ಅಂದ್ರು. ದುಡ್ಡು ಬೇಡ ಅಂದ್ರೂ ಇಟ್ಟು ಬಂದೆ. ಹೊರಡುವಾಗ ಕೇಳಿದ್ರು, "ಬರ್ತ್‌ಡೇ ಚೆನ್ನಾಗಾಯ್ತಾ?"

ಅಂದ್ರೆ ನೋಡಿದ್ರು.

ಭಟ್ಟಿ ಕೆಲಸ ಮಾಡ್ತಿದ್ದ ಅಣ್ಣ ಈಗ ಬಸ್‌ಸ್ಟಾಪ್ ಎದುರಿನ ಸಣ್ಣ ಬೇಕರಿಗೆ ಸೇರ್ಕೊಂಡಿದ್ದಾರೆ. ಖಾರ ಬನ್ ನಾಲ್ಕೂವರೆಗೆ ಬರತ್ತೆ, 25 ರೂಪಾಯಿ. ಸೋಮವಾರ ಲ್ಯಾಬ್ ಮುಗಿದ್ಮೇಲೆ ನಾನು ಹೋಗ್ತೀನಿ. ಬರೋರು ಬನ್ನಿ, ಫೋನ್ ಬ್ಯಾಗಲ್ಲಿ ಇರಲಿ.