‘ಗೊತ್ತಿಲ್ಲ’ ಎನ್ನಲು ಸಾಫ್ಟ್‌ವೇರ್‌ಗೇಕೆ ಸಂಕೋಚ?

ಮಿದುಳಿನ ಎಂಆರ್‌ಐ ನೋಡುವ ರೇಡಿಯಾಲಜಿಸ್ಟ್‌ಗೆ ರೋಗಿಯ ಬಲಭಾಗ ಪರದೆಯ ಎಡಕ್ಕಿರುತ್ತದೆ. ಮಲಗಿದ ರೋಗಿಯನ್ನು ಕಾಲಿನ ಕಡೆ ನಿಂತು ನೋಡುವ ಹಳೆಯ ಪದ್ಧತಿ ಅದು. ಮಿದುಳಿನ ಸಂಶೋಧಕರಲ್ಲಿ ಹಲವರು ಎಡವನ್ನು ಎಡಕ್ಕೇ ಇಟ್ಟುಕೊಳ್ಳುತ್ತಾರೆ. ಸಾಫ್ಟ್‌ವೇರ್‌ಗಳಲ್ಲೂ ಆಕ್ಸ್‌ಫರ್ಡ್‌ನ ಎಫ್‌ಎಸ್‌ಎಲ್ ಮೊದಲ ಪದ್ಧತಿಯದು, ಲಂಡನ್ನಿನ ಎಸ್‌ಪಿಎಂ ಎರಡನೆಯದು. ಅವರವರ ರೂಢಿ, ಇರಲಿ.

ತಕರಾರು ಇರುವುದು ಕಡತಕ್ಕೇ ಗೊತ್ತಿಲ್ಲದ ದಿಕ್ಕನ್ನು ಸಾಫ್ಟ್‌ವೇರ್ ಊಹಿಸಿಬಿಡುವುದರ ಬಗ್ಗೆ. ಮೇಯೋ ಕ್ಲಿನಿಕ್‌ನಲ್ಲಿ ಹುಟ್ಟಿದ ‘ಅನಲೈಜ್’ ಕಡತಗಳು ವರ್ಷಗಟ್ಟಲೆ ಚಾಲ್ತಿಯಲ್ಲಿದ್ದವು. ಅವುಗಳ 348 ಬೈಟ್‌ಗಳ ಹೆಡರ್‌ನಲ್ಲಿ ದಿಕ್ಕಿಗೆಂದು ಇದ್ದದ್ದು ಒಂದೇ ಬೈಟ್, ಅದನ್ನೂ ನೆಚ್ಚಿಕೊಳ್ಳುವಂತಿರಲಿಲ್ಲ. ಎಡಬಲ ತಿರುಗಿಸಬೇಕೋ ಬೇಡವೋ ಎಂಬುದು ಎಸ್‌ಪಿಎಂನ ಒಂದು ಸೆಟ್ಟಿಂಗ್ ಮೇಲೆ ನಿಂತಿತ್ತು. ಅದನ್ನಿಟ್ಟ ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಹೊರಟರೆ ಮುಂದಿನವರಿಗೆ ದೇವರೇ ಗತಿ.

ಅಮೆರಿಕದ ಆರೋಗ್ಯ ಸಂಶೋಧನಾ ಸಂಸ್ಥೆ ಎನ್‌ಐಎಚ್ ಆಸರೆಯಲ್ಲಿ 2000ದ ದಶಕದಲ್ಲಿ ಬಂದ ‘ನಿಫ್ಟಿ’ ಕಡತ ಮಾದರಿ ಇದಕ್ಕೊಂದು ಕಟ್ಟುಪಾಡು ತಂದಿತು: ಎಕ್ಸ್ ಅಕ್ಷ ರೋಗಿಯ ಬಲಕ್ಕೆ ಹೋದಂತೆ ಏರುತ್ತದೆ. ಆದರೆ ಆಸ್ಪತ್ರೆಗಳ ಸ್ಕ್ಯಾನ್ ಕಡತ ಮಾದರಿಯಾದ ಡೈಕಾಮ್‌ನಲ್ಲಿ ಅದು ಎಡಕ್ಕೆ ಹೋದಂತೆ ಏರುತ್ತದೆ. ಪರಿವರ್ತಿಸುವಾಗ ಒಂದು ಮೈನಸ್ ಚಿಹ್ನೆ ತಪ್ಪಿದರೆ ಮಿದುಳು ಕನ್ನಡಿಯೊಳಗಿನದಾಗುತ್ತದೆ. ತಲೆಕೆಳಗಾದ ಚಿತ್ರ ಮಗುವಿಗೂ ಗೊತ್ತಾದೀತು. ಎಡಬಲ ಅದಲುಬದಲಾದದ್ದು ತಜ್ಞರ ಕಣ್ಣಿಗೂ ಮಾಮೂಲಿಯಾಗಿಯೇ ಕಾಣುತ್ತದೆ.

ಆಫ್ನಿ ಸಾಫ್ಟ್‌ವೇರ್ ಕಟ್ಟಿದ ತಂಡ 2020ರಲ್ಲಿ ಇದನ್ನು ಬಯಲಿಗೆಳೆಯಿತು. ಅವರ ಉಪಾಯ ಇದು: ಒಬ್ಬರದೇ ಮಿದುಳಿನ ರಚನೆಯ ಚಿತ್ರ ಮತ್ತು ಚಟುವಟಿಕೆಯ ಚಿತ್ರವನ್ನು ಒಂದರ ಮೇಲೊಂದು ಹೊಂದಿಸುವುದು, ಆಮೇಲೆ ಒಂದನ್ನು ತಿರುಗಿಸಿ ಮತ್ತೆ ಹೊಂದಿಸುವುದು. ತಿರುಗಿಸಿದ್ದೇ ಚೆನ್ನಾಗಿ ಕೂತರೆ ಎಲ್ಲೋ ಎಡವಟ್ಟಾಗಿದೆ. ಜಗತ್ತಿನ ಸಂಶೋಧಕರಿಗೆಲ್ಲ ಮುಕ್ತವಾಗಿ ಹಂಚಿದ ದತ್ತಾಂಶಗಳಲ್ಲೇ ಇಂಥ ತಪ್ಪುಗಳು ಸಿಕ್ಕವು. ಎರಡರಲ್ಲಿ ಯಾವುದು ತಿರುಗಿದೆ ಎಂದು ಮಾತ್ರ ಈ ಪರೀಕ್ಷೆ ಹೇಳಲಾರದು. ಅದಕ್ಕೆ ಅಗ್ಗದ ಮದ್ದು ವಿಟಮಿನ್ ಇ ಮಾತ್ರೆ! ಸ್ಕ್ಯಾನ್‌ಗೆ ಮುಂಚೆ ಹಣೆಯ ಬಲಬದಿಗೆ ಟೇಪಿನಲ್ಲಿ ಅಂಟಿಸಿದರೆ, ಒಳಗಿನ ಎಣ್ಣೆ ಚಿತ್ರದಲ್ಲಿ ಬೆಳ್ಳಗೆ ಹೊಳೆಯುತ್ತದೆ.

ಇದು ಪ್ರಯೋಗಾಲಯದವರ ತಲೆನೋವು ಎಂದು ಸುಮ್ಮನಿರುವಂತಿಲ್ಲ. ಅಮೆರಿಕದ ರೋಡ್ ಐಲೆಂಡ್ ಆಸ್ಪತ್ರೆಯಲ್ಲಿ 2007ರ ಒಂದೇ ವರ್ಷ ಮೂರು ಸಲ ತಲೆಯ ತಪ್ಪು ಬದಿಗೆ ಶಸ್ತ್ರಚಿಕಿತ್ಸೆ ನಡೆದು 50,000 ಡಾಲರ್ ದಂಡ ಬಿತ್ತು. ಅದನ್ನು ಸಾಫ್ಟ್‌ವೇರ್ ತಲೆಗೆ ಕಟ್ಟಬೇಕಿಲ್ಲ. ನುರಿತವರ ಕೈಯಲ್ಲೂ ಬದಿ ತಪ್ಪುತ್ತದೆ ಅನ್ನುವುದಕ್ಕೆ ಅಷ್ಟು ಸಾಕು. ನಮ್ಮಲ್ಲೂ ಜಿಲ್ಲಾ ಕೇಂದ್ರದ ಫಿಲ್ಮಿನ ಫೋಟೊ ವಾಟ್ಸ್ಆ್ಯಪ್‌ನಲ್ಲಿ ಬೆಂಗಳೂರಿನ ವೈದ್ಯರಿಗೆ ಹೋಗುವುದುಂಟು. ಅಂಚು ಕತ್ತರಿಸಿದರೆ ಬಲಬದಿ ಸೂಚಿಸುವ ‘ಆರ್’ ಅಕ್ಷರವೂ ಹೋಯಿತು, ಡೈಕಾಮ್ ಮಾಹಿತಿಯಂತೂ ಮೊದಲೇ ಇಲ್ಲ.

ದಿಕ್ಕು ತಿಳಿಯದ ಕಡತ ತೆರೆದಾಗ ಸಾಫ್ಟ್‌ವೇರ್ ಎಡಬಲದ ಅಕ್ಷರ ಹಾಕದೆ, ಕೆಂಪಕ್ಷರದಲ್ಲಿ ‘ದಿಕ್ಕು ತಿಳಿದಿಲ್ಲ’ ಎಂದು ತೋರಿಸಬೇಕು. ತಿಳಿದಿದ್ದರೆ ಆ ಅಕ್ಷರ ಚಿತ್ರದ ನಡುಭಾಗಕ್ಕೆ ಹತ್ತಿರ, ಕತ್ತರಿಸಲಾಗದ ಕಡೆ ಇರಬೇಕು. ಸರ್ಕಾರಿ ಆಸ್ಪತ್ರೆಗಳ ಖರೀದಿ ಟೆಂಡರ್‌ನಲ್ಲಿ ಇವೆರಡು ಷರತ್ತು ಸೇರಿಸಲು ದೊಡ್ಡ ಖರ್ಚೇನೂ ಬೀಳದು.